ಪರದೆಯ ಹಿಂದಿನ ದೀಪ

ಫ್ಯಾನು ತಿರುಗಿತು. ಕೀಬೋರ್ಡಿನ ಮೂಲೆಯ ಹಸಿರು ದೀಪ ಹತ್ತಿತು. ಮಧುಮತಿ ಲ್ಯಾಪ್‌ಟಾಪಿನ ಪರದೆಯನ್ನೇ ನೋಡುತ್ತ ನಿಂತಳು. ಪರದೆ ಮಾತ್ರ ಕಪ್ಪಗೇ ಇತ್ತು. ಅದರಲ್ಲಿ ಕಾಣುತ್ತಿದ್ದುದು ಅವಳದೇ ಮುಖ, ಅವಳ ಹೆಗಲ ಹಿಂದೆ ರಿಪೇರಿ ಅಂಗಡಿಯ ಶರಣಬಸಪ್ಪನ ಮುಖ, ಅವರಿಬ್ಬರ ಹಿಂದೆ ಅಂಗಡಿಯ ಬಾಗಿಲಾಚೆಗಿನ ನರಗುಂದದ ಗುಡ್ಡದ ಒಂದು ತುಣುಕು.

“ಜೀವ ಅಂತೂ ಐತ್ರಿ ಅಕ್ಕೋರ,” ಎಂದ ಶರಣಬಸಪ್ಪ. “ಕಣ್ಣ ತೆರೀವಲ್ದು.”

ಅದು ಹುಬ್ಬಳ್ಳಿಯ ಯಾವುದೋ ಆಫೀಸಿನವರು ಗಜೇಂದ್ರಗಡದ ನೇಕಾರ ಹೆಣ್ಣುಮಕ್ಕಳ ಸಂಘಕ್ಕೆ ದಾನವಾಗಿ ಕೊಟ್ಟ ಒಂಬತ್ತು ಲ್ಯಾಪ್‌ಟಾಪುಗಳಲ್ಲಿ ಒಂದು. ಒಂಬತ್ತೂ ಒಂದೇ ಕಂಪನಿಯವು, ಒಂದೇ ಮಾದರಿಯವು, ಒಂಬತ್ತಕ್ಕೂ ಒಂದೇ ಕಾಯಿಲೆ. ಚಾಲೂ ಮಾಡಿದ ಕೂಡಲೇ ಪಾಸ್‌ವರ್ಡ್ ಕೇಳುತ್ತಿದ್ದವು. ಅದನ್ನು ಹಾಕಿಟ್ಟವನು ಆ ಆಫೀಸನ್ನೇ ಬಿಟ್ಟು ಹೋಗಿದ್ದ. ಸಂಘದಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಮಧುಮತಿಯ ಬಳಿ ಇದ್ದದ್ದು ಹಳೆಯದೊಂದೇ ಯಂತ್ರ. ಅದರ ಮುಂದೆ ಹದಿನೈದು ಮಂದಿ ಹೆಣ್ಣುಮಕ್ಕಳು ಪಾಳಿ ಹಚ್ಚಿ ಕೂರುತ್ತಿದ್ದರು.

ಸಂಘದ ವ್ಯವಹಾರ ನೋಡಿಕೊಳ್ಳುತ್ತಿದ್ದ ಮೈಲಾರಿ ಕೆಟ್ಟವನಲ್ಲ. ಆದರೆ ನೂಲಿನ ಗಂಟು ಇಡಲು ಅವನಿಗೆ ಜಾಗ ಬೇಕಾಗಿತ್ತು. ಈ ಡಬ್ಬಿಗಳನ್ನು ಗುಜರಿಗೆ ಹಾಕೋಣವೆಂದು ಅವನು ಸಭೆಯಲ್ಲಿ ಹೇಳಿದಾಗ ಯಾರೂ ಬೇಡವೆನ್ನಲಿಲ್ಲ. ಆಗ ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂತಿದ್ದ ಅನ್ನವ್ವ ಎದ್ದು ನಿಂತಳು. ಅನ್ನವ್ವ ಮಧುಮತಿಯ ಅತ್ತೆ. ಚೌಕಳಿ ಕಾಗದದ ಮೇಲೆ ಸೀರೆಯ ದಡಿಯ ನಮೂನೆ ಬರೆಯುವುದರಲ್ಲಿ ಆ ಓಣಿಯಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಈಚೆಗೆ ಕಣ್ಣು ಮಬ್ಬಾಗಿ, ದವಾಖಾನೆಯಲ್ಲಿ ಆಪರೇಶನ್ ಆದಮೇಲೂ ಸಣ್ಣ ಚೌಕ ಕಾಣದೆ ನಮೂನೆ ಬರೆಯುವುದನ್ನೇ ಕೈಬಿಟ್ಟಿದ್ದಳು. ಒಮ್ಮೆ ಮಾತ್ರ ಮಧುಮತಿ ಅವಳಿಗೆ ಕಂಪ್ಯೂಟರಿನಲ್ಲಿ ಅದೇ ಚೌಕಗಳನ್ನು ಅಂಗೈಯಷ್ಟು ದೊಡ್ಡದು ಮಾಡಿ ತೋರಿಸಿದ್ದಳು. ಅತ್ತೆ ಏನೂ ಅನ್ನದೆ ಎದ್ದುಹೋಗಿದ್ದಳು.

“ನಮ್ಮ ಸೊಸಿ ಅವನ್ನ ಚಾಲೂ ಮಾಡ್ತಾಳ,” ಎಂದಳು ಅನ್ನವ್ವ ಸಭೆಗೆ. “ದೀಪಾವಳಿ ತನಕಾ ಯಾರೂ ಮುಟ್ಟಬ್ಯಾಡ್ರಿ.”

ಸೊಸೆಯನ್ನು ಒಂದು ಮಾತೂ ಕೇಳಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ನಾಲ್ಕು ಜನರೆದುರು ಅತ್ತೆಯ ಬಾಯಲ್ಲಿ ಅಂಥ ಮಾತು ಬಂದದ್ದು ಅದೇ ಮೊದಲು. ಮಧುಮತಿಗೆ ಹಿಗ್ಗೂ ಆಯಿತು, ಹೆದರಿಕೆಯೂ ಆಯಿತು.

ಯಂತ್ರ ಕಣ್ಣು ಬಿಟ್ಟಾಗ ಎಲ್ಲಕ್ಕಿಂತ ಮೊದಲು ಏಳುವ ಪ್ರೋಗ್ರಾಮೊಂದು ಚಿಪ್ ಎಂಬ ಉಗುರಿನಷ್ಟಗಲದ ಬಿಲ್ಲೆಯಲ್ಲಿರುತ್ತದೆ, ಪಾಸ್‌ವರ್ಡ್ ಕೇಳುವುದು ಅದೇ ಎಂದು ಅವಳಿಗೆ ಗೊತ್ತಿತ್ತು. ಅದನ್ನು ಅಳಿಸಿ ಬೇರೆಯದನ್ನು ಕೂರಿಸಿದರೆ ಬೀಗವೇ ಇಲ್ಲ. ಅಂಥ ಬೇರೆಯದೊಂದನ್ನು ದೇಶದೇಶದ ಜನ ಸೇರಿ ಬರೆದು, ಯಾರು ಬೇಕಾದರೂ ಓದಲಿ, ತಿದ್ದಲಿ ಎಂದು ಮುಕ್ತವಾಗಿ ಇಟ್ಟಿದ್ದರು. ಆದರೆ ಈ ಮಾದರಿಗೆ ಸಿದ್ಧವಾದದ್ದು ಅದರಲ್ಲಿರಲಿಲ್ಲ. ಇದರ ಅಣ್ಣನಂಥ ಇನ್ನೊಂದು ಮಾದರಿಯದಿತ್ತು. ಅದನ್ನೇ ತೆಗೆದುಕೊಂಡು ಅವಳು ತಿದ್ದುತ್ತ ಕೂತಳು. ಪಕ್ಕದ ಕೋಣೆಯಲ್ಲಿ ಗಂಡ ಹನುಮಂತಪ್ಪನ ಮಗ್ಗ ಸಪ್ಪಳ ಮಾಡುತ್ತಿದ್ದರೆ ಇತ್ತ ಇವಳು ಸಾಲು ಸಾಲಾಗಿ ಓದಿ, ತಿಳಿಯದ್ದನ್ನು ಆ ಜನರಿಗೇ ಬರೆದು ಕೇಳುತ್ತಿದ್ದಳು. ಯಾರೋ ಕಾಣದ ಊರಿನವರು ತಾಳ್ಮೆಯಿಂದ ಉತ್ತರ ಕೊಡುತ್ತಿದ್ದರು.

ಚಿಪ್ಪಿಗೆ ಬರೆಯುವ ಸಾಧನವಿದ್ದದ್ದು ನರಗುಂದದ ಶರಣಬಸಪ್ಪನ ಬಳಿ. ಕಾಳಿನ ಪೇಟೆಯ ಅಡತಿ ಅಂಗಡಿಗಳ ಕಂಪ್ಯೂಟರುಗಳೆಲ್ಲ ರಿಪೇರಿಗೆ ಬರುತ್ತಿದ್ದುದು ಅವನಲ್ಲಿಗೇ. ಬಿಚ್ಚಿ ಬಿಡಿಭಾಗ ಮಾಡಿಕೊಳ್ಳಿರೆಂದು ಅವನು ಮೊದಲು ಹೇಳಿದನಾದರೂ, ಅವಳು ರೋಣದ ಮೇಲೆ ಎರಡು ಬಸ್ಸು ಬದಲಿಸಿ ಒಂಬತ್ತನ್ನೂ ಹೊತ್ತು ತಂದದ್ದನ್ನು ನೋಡಿ ಮೇಜಿನ ಮೇಲಿನ ಸಾಮಾನು ಸರಿಸಿ ಜಾಗ ಮಾಡಿಕೊಟ್ಟಿದ್ದ. ಮೊದಲನೆಯದರ ಚಿಪ್ಪಿಗೆ ಆ ಸಾಧನದ ಕ್ಲಿಪ್ಪು ಹಚ್ಚಿ, ಅವಳು ತಿದ್ದಿ ತಂದದ್ದನ್ನು ಬರೆದೂ ಕೊಟ್ಟಿದ್ದ.

ಈಗ ಅವನು ಮೂಲೆಯಲ್ಲಿದ್ದ ಹಳೆಯ ಮಾನಿಟರ್ ತಂದು ಕೇಬಲ್ ಚುಚ್ಚಿದ. ಮಾನಿಟರಿನಲ್ಲಿ ಬಿಳಿ ಅಕ್ಷರಗಳು ಸರಸರ ಮೂಡಿದವು. ಪಾಸ್‌ವರ್ಡಿನ ಸುದ್ದಿಯೇ ಇಲ್ಲ. ಮಧುಮತಿಗೆ ಕುಣಿಯುವಷ್ಟು ಸಂತೋಷವಾಯಿತು, ಆದರೆ ಮರುಗಳಿಗೆಯೇ ತೊಡಕು ಹೊಳೆಯಿತು. ಹೊರಗಿನ ಪರದೆಯನ್ನು ಎಬ್ಬಿಸಬಲ್ಲ ಯಂತ್ರಕ್ಕೆ ತನ್ನ ಮೈಗಂಟಿದ ಪರದೆಯೇ ಗೊತ್ತಿಲ್ಲ.

ಕಂಪನಿಯ ಹಳೆಯ ಪ್ರೋಗ್ರಾಮಿನಲ್ಲಿ ಪರದೆ ಎಬ್ಬಿಸುವ ಕೆಲಸ ಮುಚ್ಚಿದ ಪೆಟ್ಟಿಗೆಯೊಳಗಿತ್ತು; ಒಳಗೇನಿದೆಯೆಂದು ಯಾರಿಗೂ ಕಾಣುತ್ತಿರಲಿಲ್ಲ. ಹೊಸದರಲ್ಲಿ ಎಲ್ಲ ತೆರೆದಿತ್ತು, ಆದರೆ ಯಾವ ತಂತಿ ಎಲ್ಲಿಗೆ ಹೋಗಿದೆಯೆಂದು ನಾವೇ ಹೇಳಿಕೊಡಬೇಕು. ಅವಳು ಆ ಭಾಗವನ್ನು ತೆಗೆದು ನೋಡಿದಳು. ಅಣ್ಣನ ಮಾದರಿಯಲ್ಲಿ ಪರದೆ ಬೇರೆ ಬಗೆಯ ಜೋಡಣೆಯದು, ಇದರಲ್ಲಿ ಬೇರೆ. ತಿದ್ದಿದಳು. ಶರಣಬಸಪ್ಪ ಚಿಪ್ಪಿಗೆ ಮತ್ತೆ ಕ್ಲಿಪ್ಪು ಹಚ್ಚಿ ಬರೆದ. ಗುಂಡಿ ಒತ್ತಿದಳು.

ಫ್ಯಾನು ತಿರುಗಿತು. ಪರದೆ ಕಪ್ಪಗೇ ಇತ್ತು.

ಶರಣಬಸಪ್ಪ ಚುರುಮುರಿಯ ಗಿರಮಿಟ್ಟು, ಚಹಾ ತರಿಸಿದ. ಇಬ್ಬರೂ ತಿಂದರು. ಅಕ್ಕೋರು ಬೇಸರ ಮಾಡಿಕೊಳ್ಳಬಾರದು, ಒಂಬತ್ತಕ್ಕೂ ಒಂದೊಂದು ಮಾನಿಟರ್ ಹುಡುಕಿದರಾಯಿತು, ಎಂದು ಅವನು ಸಮಾಧಾನ ಹೇಳಿದ. ಒಂಬತ್ತು ಮಾನಿಟರ್ ಎಲ್ಲಿಂದ ಬರಬೇಕೆಂಬುದು ಇಬ್ಬರಿಗೂ ಗೊತ್ತಿತ್ತು. ಮಧುಮತಿಗೆ ಗೋಡೆಗೆ ಒರಗಿ ಕೂತ ಅತ್ತೆ ಎದ್ದು ನಿಂತದ್ದೇ ಕಣ್ಣಮುಂದೆ ಬಂತು. ಹೋಗಿ ಏನೆಂದು ಹೇಳುವುದು? ಅವಳಂತೂ ಬಯ್ಯುವವಳಲ್ಲ. ಮಾತೇ ಆಡುವುದಿಲ್ಲ. ಅದೇ ಹೆದರಿಕೆ.

ಅವಳು ಲ್ಯಾಪ್‌ಟಾಪನ್ನು ಮುಚ್ಚಲೆಂದು ಮುಚ್ಚಳ ಬಾಗಿಸಿದಳು. ಇಳಿಹೊತ್ತಿನ ಬಿಸಿಲು ಬಾಗಿಲಿಂದ ನುಗ್ಗಿ ಪರದೆಯ ಮೇಲೆ ಓರೆಯಾಗಿ ಬಿತ್ತು. ಅವಳ ಕೈ ಅಲ್ಲೇ ನಿಂತಿತು.

ಮೊಬೈಲಿನ ಟಾರ್ಚ್ ಹಚ್ಚಿ ಪರದೆಗೆ ತಾಗುವಷ್ಟು ಹತ್ತಿರ ಹಿಡಿದಳು. ಕಪ್ಪಿನೊಳಗೆ ಇನ್ನೂ ಕಪ್ಪಾಗಿ, ಇದೆಯೋ ಇಲ್ಲವೋ ಎನ್ನುವಂತೆ, ಅಕ್ಷರಗಳಿದ್ದವು.

“ಕಾಕಾರ, ಇಲ್ಲಿ ನೋಡ್ರಿ,” ಎಂದಳು ಮಧುಮತಿ. “ಬರೀ ಕತ್ತಲಿ ಅಲ್ಲಿದು. ಎಲ್ಲಾ ಬಂದೈತಿ. ಹಿಂದಿನ ದೀಪ ಒಂದ ಹತ್ತಿಲ್ಲ.”

ಶರಣಬಸಪ್ಪ ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದ. ಆಮೇಲೆ ಚಹಾದ ಕಪ್ಪನ್ನು ಅರ್ಧಕ್ಕೇ ಬಿಟ್ಟು ಅಂಗಡಿಯ ಶಟರನ್ನು ಅರ್ಧಕ್ಕೆ ಇಳಿಸಿದ. ಬಂದ ಗಿರಾಕಿಗಳನ್ನು ನಾಳೆ ಬನ್ನಿರೆಂದು ಹೊರಗಿನಿಂದಲೇ ಕಳಿಸಿದ.

ಪರದೆಯ ಹಿಂದಿನ ದೀಪ ಕಣ್ಣಿಗೆ ಕಾಣದಷ್ಟು ಬೇಗ ಹತ್ತಿ ಆರುತ್ತಿರುತ್ತದೆ. ಎಷ್ಟು ಬೇಗ ಎಂಬ ಲೆಕ್ಕವನ್ನು ಯಂತ್ರ ಏಳುವಾಗಲೇ ಹೇಳಬೇಕು. ಮಧುಮತಿ ತಿದ್ದಿದ್ದರಲ್ಲಿ ಆ ಜಾಗದಲ್ಲಿ ಸೊನ್ನೆಯಿತ್ತು. ಅಣ್ಣನ ಮಾದರಿಯ ಲೆಕ್ಕವನ್ನು ಕಣ್ಣುಮುಚ್ಚಿ ಹಾಕಿದರೆ ದೀಪ ಸುಡಬಹುದೆಂದು ಅವಳು ಹೆದರಿ ಬಿಟ್ಟಿದ್ದಳು. ಶರಣಬಸಪ್ಪ ಪರದೆಯ ಚೌಕಟ್ಟನ್ನು ತೆಳು ಪಟ್ಟಿಯಿಂದ ಒಂಚೂರೂ ಸೀಳದ ಹಾಗೆ ಬಿಚ್ಚಿ ಹಿಂಬದಿಯ ನಂಬರನ್ನು ಓದಿ ಹೇಳಿದ. ಅವಳು ಆ ಪರದೆ ತಯಾರಿಸಿದವರ ವಿವರ ಹುಡುಕಿ, ದೀಪ ಎಷ್ಟನ್ನು ತಡೆದೀತೆಂದು ನೋಡಿ ಲೆಕ್ಕ ಹಾಕಿದಳು. ಹೊರಗಿನ ಮಾನಿಟರ್ ನೋಡುತ್ತ ಮೊದಲು ಕಡಿಮೆ ಸಂಖ್ಯೆಯೊಂದನ್ನು ಕೊಟ್ಟಳು. ಏನೂ ಇಲ್ಲ. ಸ್ವಲ್ಪ ಏರಿಸಿದಳು. ಪರದೆ ಕೆಟ್ಟ ಟ್ಯೂಬ್‌ಲೈಟಿನ ಹಾಗೆ ಪಕಪಕ ಎಂದಿತು. ಇನ್ನೊಂದು ಸಂಖ್ಯೆ ಕೊಟ್ಟಳು. ಬೆಳಕು ಹರಡಿ ನಿಂತಿತು.

ಇಬ್ಬರೂ ಹಿಗ್ಗಲಿಲ್ಲ. ಅದು ಕೈಹಿಡಿದು ಎಬ್ಬಿಸಿದ್ದು; ತಾನಾಗಿಯೇ ಏಳಬೇಕಿತ್ತು. ಅವಳು ಸಂಖ್ಯೆಯನ್ನು ಸೊನ್ನೆಯಿದ್ದ ಜಾಗದಲ್ಲಿ ಬರೆದಳು. ಅವನು ಮತ್ತೆ ಕ್ಲಿಪ್ಪು ಹಚ್ಚಿದ.

“ಮಾನಿಟರ್ ತೆಗೀರಿ ಕಾಕಾರ,” ಎಂದಳು.

“ಇರಲಿ ಬಿಡ್ರಿ, ಒಂದ ವ್ಯಾಳೆ…”

“ತೆಗೀರಿ.”

ಕೇಬಲ್ ಕಿತ್ತ. ಅವಳು ಗುಂಡಿ ಒತ್ತಿದಳು. ಫ್ಯಾನು ತಿರುಗುವ ಮೊದಲೇ, ಅರ್ಧ ಕತ್ತಲಾಗಿದ್ದ ಅಂಗಡಿಯಲ್ಲಿ ಪರದೆ ಒಮ್ಮೆಲೇ ಬೆಳಗಿತು. ಸಾಲು ಸಾಲು ಅಕ್ಷರ, ಅಂಚಿನಿಂದ ಅಂಚಿಗೆ, ಚೊಕ್ಕವಾಗಿ.

ಶರಣಬಸಪ್ಪ ಶಟರನ್ನು ಪೂರಾ ಎತ್ತಿ, ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ರಸ್ತೆಗೇ ಹೋದ. ಕಾಳಿನ ಚೀಲ ಇಳಿಸುತ್ತಿದ್ದ ಹಮಾಲರನ್ನು ನಿಲ್ಲಿಸಿ ತೋರಿಸಿದ. ಅವರಿಗೆ ಏನು ನೋಡಬೇಕೆಂದು ತಿಳಿಯಲಿಲ್ಲ, ಆದರೂ ಅವನ ಮುಖ ನೋಡಿ ನಕ್ಕರು. ಇದು ಗಜೇಂದ್ರಗಡದ ಅಕ್ಕೋರು ಮಾಡಿದ್ದು ಎಂದು ಅವನು ಎದುರಿನ ಅಡತಿ ಅಂಗಡಿಯವರಿಗೂ ಕೇಳುವಂತೆ ಹೇಳಿದ. ಮಧುಮತಿ ಬಾಗಿಲಲ್ಲಿ ನಿಂತು ಸೆರಗಿನ ತುದಿಯಿಂದ ಕಣ್ಣು ಒತ್ತಿಕೊಂಡು, ನಗುತ್ತ, ಉಳಿದ ಎಂಟನ್ನು ಮೇಜಿಗೆ ತಂದಿಟ್ಟಳು. ಒಂದಾದ ಮೇಲೊಂದು ಎಂಟೂ ಎದ್ದವು.

ತಿದ್ದಿದ್ದನ್ನೆಲ್ಲ ಅವಳು ಆ ಕಾಣದ ಊರುಗಳ ಜನರಿಗೆ ಕಳಿಸಿದಳು. ಅವರು ಓದಿ, ಅಲ್ಲಲ್ಲಿ ಸರಿಮಾಡಿಸಿ, ತಮ್ಮದರಲ್ಲಿ ಸೇರಿಸಿಕೊಂಡರು. ಇನ್ನು ಎಲ್ಲಿಯವರಾದರೂ ಆ ಮಾದರಿಯನ್ನು ಎಬ್ಬಿಸುವುದಾದರೆ ಮಧುಮತಿ ಬರೆದದ್ದನ್ನೇ ತೆಗೆದುಕೊಳ್ಳಬೇಕು.

ಆದರೆ ಅದಕ್ಕೂ ಮೊದಲಿನ ಮಾತಿದು. ನರಗುಂದದಿಂದ ಬಂದ ಮರುದಿನ ಬೆಳಿಗ್ಗೆ, ಯಾರೂ ಹೇಳದೆಯೇ ಮೈಲಾರಿ ಸಂಘದ ಕೋಣೆಯಿಂದ ನೂಲಿನ ಗಂಟುಗಳನ್ನು ಹೊರಗೆ ಸಾಗಿಸಿದ್ದ. ಬೆಂಚಿನ ಮೇಲೆ ಒಂಬತ್ತೂ ಸಾಲಾಗಿದ್ದವು. ಹೆಣ್ಣುಮಕ್ಕಳು ಇನ್ನೂ ಬಂದಿರಲಿಲ್ಲ. ಅನ್ನವ್ವ ಬಂದಳು. ರಾತ್ರಿ ಸುದ್ದಿ ಕೇಳಿದಾಗ ಅವಳು ಸೊಸೆಯ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದ್ದು ಬಿಟ್ಟರೆ ಏನೂ ಅಂದಿರಲಿಲ್ಲ.

“ಹ್ಯಾಂಗ ಹಚ್ಚೂದು?” ಎಂದಳು.

ಮಧುಮತಿ ಗುಂಡಿ ತೋರಿಸಿದಳು. ಅನ್ನವ್ವ ಒತ್ತಿದಳು. ಪರದೆ ಬೆಳಗಿತು. ಚೌಕಗಳಿದ್ದ ಚಿತ್ರ ತೆರೆಯಲು ಮಧುಮತಿ ಕೈ ಚಾಚುವಷ್ಟರಲ್ಲಿ ಅತ್ತೆ ಅದನ್ನು ಆರಿಸಿಬಿಟ್ಟಳು. ಸ್ವಲ್ಪ ಹೊತ್ತು ಕಪ್ಪು ಪರದೆಯನ್ನು ನೋಡಿ ಮತ್ತೆ ಹಚ್ಚಿದಳು. ಮತ್ತೆ ಆರಿಸಿದಳು. ಸೊಸೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಮೂರನೆಯ ಸಲ ಬೆಳಕು ಬಂದಾಗ ಅನ್ನವ್ವ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಬಳೆ ಹಿಂದೆ ಸರಿಸಿ, ಮೊದಲು ಚೌಕಳಿ ಕಾಗದದ ಮುಂದೆ ಕೂರುತ್ತಿದ್ದಂತೆ, ಎರಡೂ ಕೈಗಳನ್ನು ಬೆಂಚಿನ ಮೇಲಿಟ್ಟಳು.