ಗಾಯತ್ರಕ್ಕನ ಬಾರ್

ಹೊನ್ನಾವರದ ಬಸ್ ಸ್ಟ್ಯಾಂಡಿನ ಎದುರು ಮಹಿಳಾ ಮಂಡಳದವರು ‘ಲಿಂಬೆ ಬಾರ್ ಸ್ಪರ್ಧೆ’ ಎಂದು ಬ್ಯಾನರ್ ಕಟ್ಟಿದ ದಿನವೇ, ಹೆಂಗಸರು ಬಾರ್ ತೆರೆಯುತ್ತಿದ್ದಾರೆ ಎಂಬ ಸುದ್ದಿ ಪೇಟೆಯಲ್ಲೆಲ್ಲ ಹಬ್ಬಿತು. ಮಂಡಳದ ಅಧ್ಯಕ್ಷೆ ಕಲ್ಪನಾ ಸಿಕ್ಕಸಿಕ್ಕವರಿಗೆಲ್ಲ ಬಿಡಿಸಿ ಹೇಳಿದಳು: ಕೆಳಗೆ ಬೆಣ್ಣೆ ಬಿಸ್ಕತ್ತಿನಂಥ ಪದರ, ಮೇಲೆ ಲಿಂಬೆಹುಳಿಯ ಸಿಹಿ ಪದರ, ಓವನ್ನಿನಲ್ಲಿ ಬೇಯಿಸಿ ಬರ್ಫಿಯ ಹಾಗೆ ಉದ್ದುದ್ದ ಕತ್ತರಿಸಿದರೆ ಅದಕ್ಕೆ ಬಾರ್ ಅನ್ನುತ್ತಾರೆ, ಅಷ್ಟೇ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸಂಸ್ಕೃತಿ ಹಾಳಾಯಿತೆಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವರು, ಸಂಜೆಯಾದರೆ ಹೈವೇ ಬದಿಯ ನಿಜವಾದ ಬಾರಿನಲ್ಲಿ ಕೂರುವವರೇ. ತಮ್ಮ ಹೆಂಡತಿಯರೂ ಅಲ್ಲಿಗೇ ಬಂದು ಪಕ್ಕದ ಕುರ್ಚಿ ಎಳೆದುಕೊಂಡರೆ ಎಂಬ ಭಯ ಅವರಿಗೆ ಇದ್ದಿರಬೇಕು.

ಬಾಯಿ ಮುಚ್ಚಿಸಲು ಕಲ್ಪನಾ ಎರಡು ಕೆಲಸ ಮಾಡಿದಳು. ಸ್ಪರ್ಧೆಗೆ ತರುವ ತಿಂಡಿಯಲ್ಲಿ ಒಂದು ಹನಿ ಮದ್ಯವೂ ಇರಕೂಡದೆಂದು ಹೊಸ ನಿಯಮ ಹಾಕಿದಳು. ಅದನ್ನು ಪರೀಕ್ಷಿಸಿ ಬಹುಮಾನ ಕೊಡಲು ಅಬಕಾರಿ ಇಲಾಖೆಯ ನಿವೃತ್ತ ಅಧಿಕಾರಿ ಭಾಸ್ಕರ ನಾಯ್ಕರನ್ನು ಕರೆದಳು.

ಹಳದೀಪುರದ ಮನೆಯಲ್ಲಿ ಈ ಸುದ್ದಿಯನ್ನು ವಾಟ್ಸಾಪಿನಲ್ಲಿ ಓದಿದ ಚಂದನಾ ಓಡಿಹೋಗಿ ಫ್ರಿಜ್ಜು ತೆರೆದು ನೋಡಿದಳು. ಭಾಸ್ಕರ ನಾಯ್ಕರು ಅವಳ ಮಾವ. ಮರುದಿನದ ಸ್ಪರ್ಧೆಗೆಂದು ಅವಳು ಮಾಡಿಟ್ಟ ಬಾರ್ ಆಗಲೇ ಫ್ರಿಜ್ಜಿನಲ್ಲಿ ತಣ್ಣಗೆ ಕೂತಿತ್ತು. ಅದರ ಮೇಲಿನ ಸಕ್ಕರೆಯ ಲೇಪದಲ್ಲಿ ಕಿತ್ತಳೆಯ ಮದ್ಯ ಇತ್ತು.

ಚಂದನಾ ಕುಡುಕಿಯಲ್ಲ. ಹುಟ್ಟುಹಬ್ಬಕ್ಕೆ ಕೇಕ್ ಮಾಡಿಕೊಡುವವಳು. ಹಳದೀಪುರದಿಂದ ಕುಮಟೆಯವರೆಗೆ ಅವಳಿಗೆ ಗಿರಾಕಿಗಳಿದ್ದರು. ಲಿಂಬೆಯ ಬಾರಿಗೆ ಲಿಂಬೆಯೊಂದೇ ಸಾಲದು ಎನ್ನಿಸಿ ಹಿತ್ತಿಲಿನ ಲಿಂಬೆಜಾತಿಯ ಕಂಚಿಕಾಯಿಯ ಸಿಪ್ಪೆ ತುರಿದು ಹಾಕಿ ನೋಡಿದ್ದಳು. ಘಮ ಬಂತು, ಆದರೆ ಕೊನೆಯಲ್ಲಿ ಏನೋ ಕಡಿಮೆ. ಕಿತ್ತಳೆ ಸಿಪ್ಪೆಯಿಂದ ಮಾಡಿದ ಸಿಹಿ ಮದ್ಯವನ್ನು ಎರಡು ಚಮಚ ಸೇರಿಸಬೇಕೆಂದು ಯಾವುದೋ ವಿಡಿಯೋದಲ್ಲಿ ಕಂಡಳು. ಮಳೆಗಾಲಕ್ಕೆ ಮೊದಲು ಮನೆಮಂದಿಯೆಲ್ಲ ಗೋವೆಯ ಮದುವೆಗೆ ಹೋದಾಗ ಅವಳ ಗಂಡ ರೂಪೇಶ ಒಂದು ಪುಟ್ಟ ಬಾಟಲಿ ಕೊಂಡು, ಸೀರೆಗಳ ಚೀಲದೊಳಗೆ ತುರುಕಿದ. ವಾಪಸು ಬರುವಾಗ ಗಡಿಯಲ್ಲಿ ಕಾರು ತಡೆದ ಕೂಡಲೇ ನಾಯ್ಕರು ಕಿಟಕಿ ಇಳಿಸಿದರು. ಅಲ್ಲಿದ್ದವನು ಅವರ ಹಳೆಯ ಕೈಕೆಳಗಿನವ. ಸೆಲ್ಯೂಟ್ ಹೊಡೆದು ಚಾ ತರಿಸಿದ. ನಾಯ್ಕರು ಚೀಲದ ಮೇಲೆ ಕಾಲಿಟ್ಟುಕೊಂಡೇ, ಈಗಿನವರಿಗೆ ಗೋವೆಯ ಮಾಲು ಹಿಡಿಯಲು ಬರುವುದಿಲ್ಲ ಎಂದು ಅವನಿಗೆ ಉಪದೇಶ ಮಾಡಿದರು.

ನಾಯ್ಕರ ಮೂಗೆಂದರೆ ಮೂರು ತಾಲೂಕಿಗೆ ಗೊತ್ತು. ಹಲಸಿನ ಹಣ್ಣಿನೊಳಗೆ ಅಡಗಿಸಿದ ಬಾಟಲಿಯನ್ನು ಬಸ್ಸಿನ ಮೆಟ್ಟಿಲಿನಿಂದಲೇ ಹಿಡಿದದ್ದು, ಭಟ್ಕಳದ ಮೀನಿನ ಲಾರಿಯಲ್ಲಿ ಐಸಿನ ಅಡಿಯಿದ್ದ ಕ್ಯಾನುಗಳನ್ನು ಮೂಸಿಯೇ ಎಣಿಸಿದ್ದು, ಇಂಥ ಕಥೆಗಳು ಎಷ್ಟೋ. ಎಲ್ಲವನ್ನೂ ಹೇಳಿದವರು ನಾಯ್ಕರೇ ಆದ್ದರಿಂದ ವಿವರಗಳಲ್ಲಿ ಒಂದಿಷ್ಟೂ ಲೋಪವಿರಲಿಲ್ಲ.

ಹೊಸದಾಗಿ ಮಾಡಲು ಹೊತ್ತಿರಲಿಲ್ಲ; ಸ್ಪರ್ಧೆಗೆ ಹೋಗುವುದೇ ಬೇಡ ಎಂದಳು ಚಂದನಾ. ಹೋಗದಿದ್ದರೆ ಅಪ್ಪನಿಗೆ ಇನ್ನೂ ಅನುಮಾನ ಬರುತ್ತದೆ, ಎರಡು ಚಮಚದ ವಾಸನೆ ಯಾವ ಮೂಗಿಗೆ ಹತ್ತೀತು ಎಂದು ರೂಪೇಶ ಸಮಾಧಾನ ಹೇಳಿದ. ಹಾಗೆ ಹೇಳಿದವನು ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ತುರ್ತು ಕೆಲಸವಿದೆಯೆಂದು ಕುಮಟೆಗೆ ಹೋಗಿಬಿಟ್ಟ.

ಸಭಾಭವನ ತುಂಬಿತ್ತು. ಉದ್ದನೆಯ ಮೇಜಿನ ಮೇಲೆ ಹತ್ತು ಹನ್ನೆರಡು ತಟ್ಟೆ. ಹೆಸರಿಲ್ಲ, ಬರೀ ನಂಬರು. ಕೆಲವರದು ನೀರಾಗಿತ್ತು, ಕೆಲವರದು ಕಲ್ಲಾಗಿತ್ತು. ನಾಯ್ಕರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಕೈ ಹಿಂದೆ ಕಟ್ಟಿಕೊಂಡು, ಒಂದೊಂದೇ ತಟ್ಟೆಯ ಮೇಲೆ ಬಾಗಿ ಮೂಸುತ್ತ ಬಂದರು. ಚಂದನಾಳ ತಟ್ಟೆಯ ಮುಂದೆ ನಿಂತರು. ಮಾವ ಕಣ್ಣು ಮುಚ್ಚಿದರು. ಉದ್ದಕ್ಕೆ ಉಸಿರೆಳೆದರು. ತಲೆಯಾಡಿಸಿ ಮುಂದೆ ಹೋದರು.

ಎಲ್ಲ ಶುದ್ಧ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಮುಂದಿನ ಸಾಲಿನಲ್ಲಿ ಯಾರೋ, ಎಲ್ಲೋ ಏನೋ ವಾಸನೆ ಬರುತ್ತಿದೆಯಲ್ಲ ಎಂದು ಗೊಣಗಿದರು. ಸುಳ್ಳಲ್ಲ, ಚಂದನಾಳಿಗೇ ಬರುತ್ತಿತ್ತು. ಸಭೆ ನಾಯ್ಕರತ್ತ ನೋಡಿತು. ಏನೂ ಸಿಗದ ದಾಳಿಯನ್ನು ನಾಯ್ಕರು ಜೀವಮಾನದಲ್ಲಿ ಒಪ್ಪಿದವರಲ್ಲ. ಮತ್ತೊಮ್ಮೆ ಮೇಜಿನ ಉದ್ದಕ್ಕೂ ನಡೆದು, ಕಂದು ಬಣ್ಣದ ಒಂದು ಬಾರಿನ ಮುಂದೆ ನಿಂತು, ಬೆರಳು ತೋರಿಸಿದರು.

“ಇದ್ರಲ್ಲಿ ರಮ್ ಅದೆ,” ಎಂದರು.

ಆ ತಟ್ಟೆ ಗಾಯತ್ರಕ್ಕನದು. ಪೇಟೆಯ ಭಜನಾ ಮಂಡಳಿಯ ಹಿರಿಯ ಹೆಂಗಸು, ಏಕಾದಶಿ ಬಿಡದವಳು. ಮೊಟ್ಟೆ ಮುಟ್ಟದೆ, ಸಕ್ಕರೆಯ ಬದಲು ಪಾಕದಂಥ ಜೋನಿ ಬೆಲ್ಲ ಹಾಕಿ, ಕಾರ್ನ್‌ಫ್ಲೋರಿನಿಂದ ಗಟ್ಟಿ ಮಾಡಿ ತಂದಿದ್ದಳು. ಬೆಲ್ಲದ ಬಣ್ಣವೇ ಅವಳಿಗೆ ಮುಳುವಾಯಿತು. ತಾನು ಅಂಥದ್ದನ್ನು ಕಣ್ಣಿಂದಲೂ ಕಂಡವಳಲ್ಲ ಎಂದು ಒಂದು ಸಲ ಹೇಳಿದಳು. ತಟ್ಟೆ ಎತ್ತಿಕೊಂಡು, ಸೆರಗು ಹೊದ್ದು, ನಡುವಿನ ದಾರಿಯಲ್ಲಿ ನಡೆದುಹೋದಳು. ಅವಳ ಜೊತೆ ಮೂವತ್ತು ವರ್ಷ ತಾಳ ಹಾಕಿದವರು ಕಾಲು ಒಳಗೆಳೆದುಕೊಂಡು ದಾರಿ ಬಿಟ್ಟರು.

ಮೊದಲ ಬಹುಮಾನ ಚಂದನಾಳಿಗೆ ಬಂತು. ಇಂಥ ಶುದ್ಧ, ಸಾತ್ವಿಕ ಪರಿಮಳವನ್ನು ತಾವು ಎಂದೂ ಕಂಡಿಲ್ಲವೆಂದು ನಾಯ್ಕರು ಮೈಕಿನಲ್ಲಿ ಹೇಳಿದರು. ಹೆಸರು ಕೂಗಿದ ಮೇಲೆ ಅದು ತಮ್ಮ ಸೊಸೆಯದೇ ಎಂದು ತಿಳಿದು ಅವರಿಗೂ ಆಶ್ಚರ್ಯವಾದಂತೆ ಕಂಡಿತು. ಚಂದನಾ ಮಾತ್ರ ಅದನ್ನು ನಟನೆ ಎಂದೇ ತಿಳಿದಳು. ಮಾವನಿಗೆ ಎಲ್ಲ ಗೊತ್ತಾಗಿದೆ, ಮನೆಯ ಮಾನ ಉಳಿಸಲು ಕಣ್ಣುಮುಚ್ಚಿ ಬಿಟ್ಟುಕೊಟ್ಟಿದ್ದಾರೆ, ಸೊಸೆಗಾಗಿ ತಮ್ಮ ನಲವತ್ತು ವರ್ಷದ ಮೂಗನ್ನೇ ಪಣಕ್ಕಿಟ್ಟಿದ್ದಾರೆ ಎಂದುಕೊಂಡಳು. ಅವಳಿಗೆ ಅಳು ಬಂತು. ಫೋಟೋದಲ್ಲಿ ಅದು ಆನಂದಬಾಷ್ಪವಾಗಿ ಬಂದಿದೆ.

ಆಮೇಲಿನ ದಿನಗಳಲ್ಲಿ ಅವಳಿಗೆ ಬೇರೆ ಥರದ ಗಿರಾಕಿಗಳು ಹತ್ತಿದರು. ಅಂಗಡಿ ಕೇಕನ್ನು ಮನೆಯೊಳಗೆ ಬಿಡದ ಹಿರಿಯರು, ಸಾತ್ವಿಕವೆಂದು ನಾಯ್ಕರೇ ಹೇಳಿದ್ದಾರಲ್ಲ ಎಂದು ಅವಳ ಬಾರ್ ತರಿಸಿಕೊಂಡರು. ಬಾಟಲಿ ಮುಗಿದಿತ್ತು; ಮುಗಿಯದಿದ್ದರೂ ಇನ್ನು ಮುಟ್ಟುವ ಧೈರ್ಯ ಅವಳಿಗಿರಲಿಲ್ಲ. ಬರೀ ಕಂಚಿಕಾಯಿಯಲ್ಲಿ ಮಾಡಿ ಕಳಿಸಿದಳು. ಸ್ಪರ್ಧೆಯ ದಿನವೂ ರುಚಿ ನೋಡಿದ್ದವರು ಚೆನ್ನಾಗಿದೆ, ಆದರೆ ಆ ದಿನದ್ದರಲ್ಲಿ ಒಂದು ದೈವಿಕ ಅಂಶ ಇತ್ತು, ಅದು ಇದರಲ್ಲಿ ಇಲ್ಲ ಎಂದರು. ಒಬ್ಬರಂತೂ ಮಡಿಯಲ್ಲಿ ಮಾಡಿ ನೋಡು ಎಂದು ಸಲಹೆ ಕೊಟ್ಟರು.

ಗಾಯತ್ರಕ್ಕನ ನೆನಪು ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಆದರೆ ಮಾವ ಅಷ್ಟು ದೊಡ್ಡ ತ್ಯಾಗ ಮಾಡಿರುವಾಗ ತಾನು ಬಾಯಿ ಬಿಟ್ಟರೆ ಅವರ ಗತಿಯೇನು ಎಂದು ಸುಮ್ಮನಿದ್ದಳು. ಋಣ ತೀರಿಸುವಂತೆ ಅವರಿಗೆ ಇಷ್ಟವಾದದ್ದನ್ನೇ ಮಾಡಿ ಬಡಿಸಿದಳು. ಹಾಗೆ ಒಂದು ಬೆಳಿಗ್ಗೆ ಬಂಗಡೆ ಸಾರು ಒಲೆಯ ಮೇಲಿಟ್ಟು ಬಟ್ಟೆ ಒಣಗಿಸಲು ಹಿತ್ತಿಲಿಗೆ ಹೋದವಳಿಗೆ, ಪಕ್ಕದ ಮನೆಯವಳೊಡನೆ ಮಾತು ಬೆಳೆಯಿತು. ಮೀನು ಕರಟಿದ ವಾಸನೆ ಹಿತ್ತಿಲವರೆಗೆ ಬಂದಾಗಲೇ ಅವಳು ಓಡಿದ್ದು. ಅಡುಗೆಮನೆಯ ಬಾಗಿಲಿಗೇ ಬೆನ್ನು ಕೊಟ್ಟು ಕೂತಿದ್ದ ಮಾವ ನೆಮ್ಮದಿಯಾಗಿ ಪೇಪರು ಓದುತ್ತಿದ್ದರು.

ಒಲೆ ಆರಿಸಿ ಬಂದ ಚಂದನಾ ಅವರ ಮುಂದೆ ನಿಂತಳು.

“ಮಾವ, ನಿಮ್ಗೆ ವಾಸನೆ ಬರ್ಲಿಲ್ವಾ?”

“ಎಂತದು?” ಎಂದರು ನಾಯ್ಕರು. ಆಮೇಲೆ ಅವಳ ಹಿಂದಿನಿಂದ ಬರುತ್ತಿದ್ದ ಹೊಗೆ ಕಂಡು, ಪೇಪರನ್ನು ನಿಧಾನವಾಗಿ ಮಡಚಿದರು.

ಕೊರೋನಾ ಜ್ವರ ಬಂದ ವರ್ಷ ಮೂಗಿನ ವಾಸನೆ ಹೋದದ್ದಂತೆ. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದರಂತೆ. ನಾಲಿಗೆಗೆ ಸಿಹಿ ತಿಳಿಯುತ್ತದೆ, ಖಾರ ತಿಳಿಯುತ್ತದೆ. ಮಲ್ಲಿಗೆಯೂ ಒಂದೇ, ಚರಂಡಿಯೂ ಒಂದೇ. ಹೆಂಡತಿ ಇದ್ದಿದ್ದರೆ ಅವಳಿಗೊಬ್ಬಳಿಗೆ ಹೇಳುತ್ತಿದ್ದರು. ಬೇರೆ ಯಾರಿಗೆ ಹೇಳುವುದು? ರಿಟೈರಾದವನಿಗೆ ಉಳಿದಿದ್ದದ್ದೇ ಅದೊಂದು.

“ಹಾಗಾದ್ರೆ ಗಾಯತ್ರಕ್ಕಂದು?”

“ಬಣ್ಣ ನೋಡಿ ಹೇಳ್ದೆ ಮಗಾ. ರಮ್ಮಿನ ಬಣ್ಣ ಇತ್ತು.”

ಚಂದನಾ ನೆಲದ ಮೇಲೇ ಕುಳಿತಳು. ಇಷ್ಟು ದಿನ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದ ಆ ದೊಡ್ಡ ತ್ಯಾಗ, ಒಲೆಯ ಮೇಲಿನ ಬಂಗಡೆಯ ಜೊತೆಗೇ ಕರಕಲಾಯಿತು. ಒಂದು ಕಡೆ ಸಿಟ್ಟು, ಒಂದು ಕಡೆ ನಗು. ಕೊನೆಗೆ ಬಾಟಲಿಯ ವಿಷಯವನ್ನೂ ಹೇಳಿಬಿಟ್ಟಳು. ನಾಯ್ಕರು ಬಯ್ಯಲಿಲ್ಲ. ಎದ್ದು ಹೋಗಿ, ಅಂಗಿ ಹಾಕಿಕೊಂಡು ಬಂದು, ಹೊರಡು ಎಂದರು. ಗಾಯತ್ರಕ್ಕನ ಕಾಲಿಗೆ ಬೀಳದೆ ಊಟ ಇಳಿಯುವುದಿಲ್ಲ ಎಂದರು.

ಬಸ್ಸು ಹಿಡಿದು ಹೊನ್ನಾವರಕ್ಕೆ ಹೋದರು. ಗಾಯತ್ರಕ್ಕನ ಮನೆ ಪೇಟೆಯ ಹಿಂದಿನ ಓಣಿಯಲ್ಲಿ. ಮುಂದಿನ ಬಾಗಿಲು ಹಾಕಿತ್ತು. ಹಿಂದಿನ ಬಾಗಿಲಿಗೆ ಹೋದರೆ ಅಲ್ಲಿ ಮೂರು ನಾಲ್ಕು ಜನ ನಿಂತಿದ್ದರು. ನಾಯ್ಕರನ್ನು ಕಂಡದ್ದೇ ತಡ, ಒಬ್ಬರು ಆಕಾಶ ನೋಡಿದರು, ಒಬ್ಬರು ಮೊಬೈಲು ಕಿವಿಗಿಟ್ಟರು. ಮತ್ತೊಬ್ಬರು ತಾವು ಕರಿಬೇವು ಕೇಳಲು ಬಂದದ್ದೆಂದು, ಯಾರೂ ಕೇಳದಿದ್ದರೂ ಹೇಳಿ, ಹೊರಟುಹೋದರು.

ಒಳಗೆ ಗಾಯತ್ರಕ್ಕ ಬೆವರು ಒರೆಸಿಕೊಳ್ಳುತ್ತ ಬಾರ್ ಕತ್ತರಿಸುತ್ತಿದ್ದಳು. ಹೊಸ ದೊಡ್ಡ ಓವನ್ ಒಂದು ಮೂಲೆಯಲ್ಲಿ ಉರಿಯುತ್ತಿತ್ತು. ನಾಯ್ಕರು ಕೈಮುಗಿದು, ತಮ್ಮ ಮೂಗು ಸತ್ತು ವರ್ಷಗಳಾದದ್ದನ್ನೂ, ಬಣ್ಣ ನೋಡಿ ತೀರ್ಪು ಕೊಟ್ಟದ್ದನ್ನೂ ಒಪ್ಪಿಕೊಂಡರು. ಮದ್ಯ ಇದ್ದದ್ದು ತನ್ನದರಲ್ಲಿ ಎಂದು ಚಂದನಾ ಅಳುತ್ತ ಹೇಳಿದಳು. ನಾಳೆಯೇ ಪತ್ರಿಕೆಯವರನ್ನು ಕರೆದು ಎಲ್ಲ ಸರಿಪಡಿಸುತ್ತೇನೆ ಎಂದರು ನಾಯ್ಕರು.

ಗಾಯತ್ರಕ್ಕ ಚಾಕು ಕೆಳಗಿಟ್ಟಳು. ಎದ್ದು ಹೋಗಿ ಹಿಂದಿನ ಬಾಗಿಲಿನ ಅಗಳಿ ಹಾಕಿ ಬಂದಳು.

ಅವಳು ಹೇಳಿದ ಕಥೆ ಹೀಗಿತ್ತು. ಮೊದಲ ವಾರ ಭಜನೆಯಲ್ಲಿ ಅವಳ ಪಕ್ಕ ಯಾರೂ ಕೂರಲಿಲ್ಲ. ಮನೆಗೆ ಬಂದು ಅತ್ತಳು. ಎರಡನೆಯ ವಾರ ಭಜನೆ ಮುಗಿದ ಮೇಲೆ ಒಬ್ಬಳು ಹಿಂದಿನ ಬಾಗಿಲಿಗೆ ಬಂದು, ಗಂಡನಿಗೆ ಶೀತ, ಆ ನಿಮ್ಮದು ಒಂದು ನಾಲ್ಕು ತುಂಡು ಸಿಕ್ಕೀತೇ ಎಂದಳು. ಆಮೇಲೆ ಊರಿಗೆಲ್ಲ ಶೀತ ಹಿಡಿಯಿತು. ವೈದ್ಯರೊಬ್ಬರು ತರಿಸಿಕೊಂಡರು. ವ್ಯಸನಮುಕ್ತಿಯ ಬಗ್ಗೆ ಶಾಲೆಗಳಲ್ಲಿ ಭಾಷಣ ಮಾಡುವವರು ತರಿಸಿಕೊಂಡರು. ಕುಮಟೆಯ ವಕೀಲರೊಬ್ಬರು ಎರಡು ತುಂಡು ತಿಂದು, ಕಾರು ಓಡಿಸಬಾರದೆಂದು ರಿಕ್ಷಾದಲ್ಲಿ ಮನೆಗೆ ಹೋದರಂತೆ. ಜೋನಿ ಬೆಲ್ಲ ತಿಂದು ಊರು ಹಗುರಾಗಿ ತೇಲಾಡುತ್ತಿತ್ತು.

“ನಾ ಒಂದು ಸುಳ್ಳೂ ಹೇಳ್ಲಿಲ್ಲ ಕಾಣಿ,” ಎಂದಳು ಗಾಯತ್ರಕ್ಕ. “ಬಂದವರಿಗೆಲ್ಲ, ನಾ ಅದೆಲ್ಲ ಹಾಕೂದಿಲ್ಲ ಅಂತ್ಲೇ ಹೇಳ್ತೆ. ಅವ್ರು ಕಣ್ಣು ಹೊಡೆದು ಹತ್ತು ತುಂಡು ಹೆಚ್ಚು ತಕಂಡು ಹೋಗ್ತ್ರು.”

ಆದರೂ ನಿಮ್ಮ ಹೆಸರಿಗೆ ಹತ್ತಿದ ಮಸಿ ತೊಳೆಯಬೇಕಲ್ಲ ಎಂದರು ನಾಯ್ಕರು. ಪಾಪ, ಅವರು ಪಶ್ಚಾತ್ತಾಪಕ್ಕೆ ತಯಾರಾಗಿ ಬಂದಿದ್ದರು. ಬರಿಗೈಯಲ್ಲಿ ವಾಪಸು ಹೋಗಲು ಮನಸ್ಸಿರಲಿಲ್ಲ.

“ನಾಯ್ಕರೇ, ನೀವೀಗ ಶುದ್ಧ ಅಂತ ಪೇಪರಿನಲ್ಲಿ ಹಾಕಿಸಿದ್ರೆ ನನ್ನ ಬಾರ್ ಮುಚ್ಚೂದೇ. ಬೇಡ. ಆದದ್ದು ಆತು.”

ಚಂದನಾಳ ಕಡೆ ತಿರುಗಿ, ಕಂಚಿಕಾಯಿ ಎಲ್ಲಿಂದ ತರುತ್ತೀ ಎಂದು ಕೇಳಿದಳು. ಹಿತ್ತಿಲಿನದು ಎಂದಾಗ, ವಾರಕ್ಕೊಂದು ಬುಟ್ಟಿ ತಂದು ಕೊಡು ಎಂದು ಅಲ್ಲೇ ಮಾತು ಮುಗಿಸಿದಳು. ಹೊರಡುವಾಗ ಅವಳಿಗೆ ಕುಂಕುಮದ ಬಟ್ಟಲು ಹಿಡಿದಳು, ಕಟ್ಟಿಕೊಡಲು ತಿಂಡಿ ಮಾತ್ರ ಉಳಿದಿಲ್ಲ ಎಂದಳು.

ಇಬ್ಬರೂ ವಾಪಸು ಬಸ್ಸು ಹಿಡಿದರು. ಊರ ಗದ್ದೆಗಳು ಕಾಣಲು ಶುರುವಾದಾಗ ಅವರ ಮೊಬೈಲು ರಿಂಗಾಯಿತು. ಕಲ್ಪನಾ. ಮುಂದಿನ ತಿಂಗಳು ಕುಮಟೆಯಲ್ಲಿ ದೊಡ್ಡ ಸ್ಪರ್ಧೆಯಂತೆ, ಭಟ್ಕಳದಿಂದಲೂ ಜನ ಬರುತ್ತಾರಂತೆ, ಸಾಹೇಬರೇ ಪರೀಕ್ಷೆಗೆ ಬರಬೇಕಂತೆ. ನಾಯ್ಕರು ಸೊಸೆಯ ಮುಖ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ನನ್ನ ಮೂಗು ಹೋಗಿದೆ, ನನಗೆ ಏನೂ ವಾಸನೆ ತಿಳಿಯುವುದಿಲ್ಲ ಎಂದು ಬಸ್ಸಿನಲ್ಲಿದ್ದವರಿಗೆಲ್ಲ ಕೇಳುವಷ್ಟು ಸ್ಪಷ್ಟವಾಗಿ ಹೇಳಿದರು. ಚಂದನಾಳಿಗೆ ಅವರ ಬಗ್ಗೆ ಮತ್ತೆ ಗೌರವ ಬರತೊಡಗಿತು.

ಆ ಕಡೆಯಿಂದ ಕಲ್ಪನಾಳ ನಗು ಇವಳಿಗೂ ಕೇಳಿಸಿತು. ಸಾಹೇಬರ ವಿನಯವೇ ವಿನಯ, ದೊಡ್ಡವರು ಹೀಗೇ ಇರುತ್ತಾರೆ ಎನ್ನುತ್ತಿದ್ದಳು. ಶಾಲು, ಹಾರ, ಮನೆ ಬಾಗಿಲಿಗೆ ಕಾರು ಎಂದೂ ಸೇರಿಸಿದಳು. ನಾಯ್ಕರು ಇನ್ನೊಮ್ಮೆ ಇಲ್ಲವೆನ್ನಲು ಬಾಯಿ ತೆರೆದು, ಮುಚ್ಚಿ, ಆತು ಆತು ಎಂದು ಫೋನಿಟ್ಟರು.

ಬಸ್ಸು ಹಳದೀಪುರದ ಸ್ಟಾಪಿನ ಹತ್ತಿರ ನಿಧಾನವಾಯಿತು. ಇಳಿಯಲು ಎದ್ದು ಕಂಬ ಹಿಡಿದುಕೊಂಡ ನಾಯ್ಕರು ಸೊಸೆಯ ಕಿವಿಯ ಬಳಿ ಬಗ್ಗಿದರು.

“ನೀನೂ ಬಾ ಅವತ್ತು. ನನ್ನ ಹಿಂದೇ ನಿಂತ್ಕೊ.”

“ನಾನೆಂತಕ್ಕೆ ಮಾವ?”

“ವಾಸನೆ ಬಂದ್ರೆ ಕೆಮ್ಮು,” ಎಂದು ಹೇಳಿ, ನಾಯ್ಕರು ಅಂಗಿಯ ಕಾಲರು ಸರಿಮಾಡಿಕೊಂಡು ಬಸ್ಸಿನಿಂದ ಇಳಿದರು.