ಏಕಾಂತಪ್ಪನ ಗಾಡಿಗೆ ಸನ್ಮಾನ

ನಮ್ಮ ಬೈಕ್ ಶೋರೂಮಿನಲ್ಲಿ ಒಂದು ಫ್ರೀ ಸರ್ವಿಸ್‌ಗೆ ಸಾವಿರದ ನಾನೂರ ಅರವತ್ತು ರೂಪಾಯಿ. ನಗಬೇಡಿ, ಬಿಲ್ಲು ಸರಿಯಾಗಿಯೇ ಇದೆ. ಫ್ರೀ ಅನ್ನುವುದು ಕೂಲಿ ಮಾತ್ರ. ಆಯಿಲ್ಲು, ಫಿಲ್ಟರು, ಚೈನಿಗೆ ಹೊಡೆಯುವ ಸ್ಪ್ರೇ, ಕೊನೆಗೆ ಗಾಡಿ ಒರೆಸಿದ ಬಟ್ಟೆ, ಇವಕ್ಕೆಲ್ಲ ದುಡ್ಡು. ಬಟ್ಟೆಗೆ ಮೂವತ್ತೈದು ರೂಪಾಯಿ. ಒಂದೇ ಬಟ್ಟೆಯಲ್ಲಿ ದಿನಕ್ಕೆ ಇಪ್ಪತ್ತು ಗಾಡಿ ಒರೆಸುತ್ತೇವೆ, ಇಪ್ಪತ್ತು ಬಿಲ್ಲಿನಲ್ಲೂ ಅದು ಹೊಸ ಬಟ್ಟೆ. ಆ ಬಿಲ್ಲನ್ನು ನಗುನಗುತ್ತಾ ಗಿರಾಕಿಯ ಕೈಗೆ ಕೊಡುವವಳು ನಾನು. ಹೆಸರು ಅಮೃತಾ, ಊರು ಕೊಟ್ಟೂರು, ಹಗರಿಬೊಮ್ಮನಹಳ್ಳಿಯ ಪಾಲಾಕ್ಷ ಮೋಟರ್ಸ್‌ನಲ್ಲಿ ಸರ್ವಿಸ್ ಅಡ್ವೈಸರ್.

ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆರು ತಿಂಗಳು ನೋಡಿ ಆಮೇಲೆ ಪತ್ರ ಕೊಡುತ್ತೇವೆ ಎಂದಿದ್ದರು, ಐದು ತಿಂಗಳು ಮುಗಿದಿತ್ತು. ಇತ್ತ ಮನೆಯಲ್ಲಿ ನಮ್ಮವ್ವ ಉಚ್ಚಂಗೆಮ್ಮ ಹರಪನಹಳ್ಳಿಯ ಸಿಮೆಂಟು ಅಂಗಡಿಯ ವರನೊಬ್ಬನನ್ನು ಹಿಡಿದು ಕೂತಿದ್ದಳು. "ಪತ್ರ ಬಂದ್ರ ನೌಕರಿ ಮಾಡು. ಬರಲಿಲ್ಲಂದ್ರ ಸುಮ್ನ ತಲಿ ಬಗ್ಗಿಸಿ ತಾಳಿ ಕಟ್ಟಿಸಿಕೋ," ಎಂದು ಖಡಕ್ಕಾಗಿ ಹೇಳಿದ್ದಳು. ಆ ಪುಣ್ಯಾತ್ಮ ನನ್ನನ್ನು ನೋಡಲು ಬಂದವನು ಉಪ್ಪಿಟ್ಟನ್ನು ಮೂರು ಸಲ ಹಾಕಿಸಿಕೊಂಡ, ನನ್ನ ಹೆಸರು ಮಾತ್ರ ಕೇಳಲಿಲ್ಲ. ನನಗೆ ಆ ಪತ್ರ ಬೇಕೇ ಬೇಕಿತ್ತು.

ಕೆಲಸವೇನೋ ಬೇಗ ಕಲಿತಿದ್ದೆ. ಬಳ್ಳಾರಿಯಲ್ಲಿ ಮೂರು ದಿನ ತರಬೇತಿ ಕೊಟ್ಟಿದ್ದರು. ಗಿರಾಕಿಯನ್ನು ಹೆದರಿಸಬಾರದು, ಚಿಂತೆಗೆ ಹಚ್ಚಬೇಕು, ಇದು ಮೊದಲ ಪಾಠ. ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಬಗ್ಗಿ ಚೈನು ಮುಟ್ಟಿ, "ಹ್ಞೂಂ" ಎಂದು ಸುಮ್ಮನಾಗಬೇಕು. ಗಿರಾಕಿ ತಾನಾಗಿಯೇ "ಏನಾಗೈತ್ರಿ ಮೇಡಂ?" ಅನ್ನುತ್ತಾನೆ. ಅಲ್ಲಿಂದ ಮುಂದೆ ಎಂಟುನೂರು ರೂಪಾಯಿಗೆ ಮೋಸವಿಲ್ಲ.

ಇಂಥ ನನ್ನ ಹೊಟ್ಟೆ ಉರಿಸಲೆಂದೇ ದೇವರು ನನಗೆ ಏಕಾಂತಪ್ಪ ಎಂಬ ಅಪ್ಪನನ್ನು ಕೊಟ್ಟಿದ್ದ. ಅಪ್ಪನದು ಎತ್ತಿನ ಸಾಮಾನಿನ ವ್ಯಾಪಾರ. ಹಗ್ಗ, ಮೂಗುದಾರ, ಗೆಜ್ಜೆಸರಗಳನ್ನು ಗಾಡಿಗೆ ಹೇರಿಕೊಂಡು ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಂದು ದಿನಕ್ಕೊಂದು ಸಂತೆ ತಿರುಗುತ್ತಾನೆ. ಹತ್ತೊಂಬತ್ತು ವರ್ಷದಿಂದ ಅದೇ ಗಾಡಿ. ಮೀಟರು ಒಂದು ಸುತ್ತು ಮುಗಿಸಿ, ಮತ್ತೆ ಸೊನ್ನೆಯಿಂದ ಶುರು ಮಾಡಿ, ಸಾಕಾಗಿ ನಿಂತುಬಿಟ್ಟಿದೆ. ಅಪ್ಪನ ಲೆಕ್ಕದಲ್ಲಿ ಗಾಡಿಯೂ ಒಂದು ಎತ್ತೇ. ಸೋಮವಾರ ಬಸವಣ್ಣನ ದಿನ, ಎತ್ತು ಹೂಡುವುದಿಲ್ಲವಲ್ಲ, ಅದಕ್ಕೇ ಅವತ್ತು ಗಾಡಿಯನ್ನೂ ಹೊರಗೆ ತೆಗೆಯುವುದಿಲ್ಲ. ಮೈ ತೊಳೆದು, ಹೆಡ್‌ಲೈಟಿಗೆ ವಿಭೂತಿ ಎಳೆದು, ಪ್ಲಗ್ಗು ಬಿಚ್ಚಿ ಉಜ್ಜಿ, ಬ್ರೇಕು ಬಿಗಿ ಮಾಡುತ್ತಾನೆ. ಇಂಜಿನ್ ಆಯಿಲನ್ನು ಎತ್ತಿಗೆ ಔಷಧ ಕುಡಿಸುವ ಬಿದಿರಿನ ಗೊಟ್ಟದಲ್ಲಿ ಹುಯ್ಯುತ್ತಾನೆ, ಒಂದು ಹನಿ ಚೆಲ್ಲುವುದಿಲ್ಲ. ನಮ್ಮ ಒಂದು ಫ್ರೀ ಸರ್ವಿಸ್ಸಿನ ದುಡ್ಡಿನಲ್ಲಿ ಅವನ ಗಾಡಿಯ ಇಡೀ ವರ್ಷ ಕಳೆಯುತ್ತದೆ.

ಅವನೊಬ್ಬನೇ ಮಾಡಿಕೊಂಡಿದ್ದರೆ ನನ್ನದೇನೂ ತಕರಾರಿರಲಿಲ್ಲ. ಪ್ರತಿ ಸೋಮವಾರ ನಮ್ಮ ಮನೆಯ ಮುಂದೆ ಏಳೆಂಟು ಗಾಡಿ ಬಂದು ನಿಲ್ಲುತ್ತಿದ್ದವು. ಅಪ್ಪ ಒಂದೊಂದರ ಟ್ಯಾಂಕಿನ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ ಸದ್ದು ಕೇಳಿ, "ಇದಕ್ಕ ದಮ್ಮು ಹತ್ತೈತಿ, ಏರ್ ಫಿಲ್ಟರು ಝಾಡ್ಸು," "ಇದಕ್ಕೇನೂ ಆಗಿಲ್ಲ, ನಿನಗ ಓಡ್ಸಾಕ ಬರಂಗಿಲ್ಲ," ಎಂದು ಹೇಳುತ್ತಿದ್ದ. ಒಂದು ಪೈಸೆ ತೆಗೆದುಕೊಳ್ಳುತ್ತಿರಲಿಲ್ಲ. ಶೇಂಗಾ ವ್ಯಾಪಾರದ ದುರುಗಪ್ಪ ಕಾಕಾ ಅಂತೂ ಬೆಳಿಗ್ಗೆಯೇ ಬಂದು ಎಲ್ಲರಿಗಿಂತ ಮುಂದೆ ಕೂರುತ್ತಿದ್ದ, ಅಪ್ಪನ ಮಾತು ಅವನಿಗೆ ದೇವರ ಮಾತು. ನಾನು ಶೋರೂಮಿನ ಟೈ ಕಟ್ಟಿಕೊಂಡು ಅವರೆಲ್ಲರ ನಡುವೆಯೇ ದಾಟಿ ಬಸ್ಸಿಗೆ ಹೋಗಬೇಕಿತ್ತು. ಮಗಳ ಹೊಟ್ಟೆಯ ಮೇಲೆ ಹೊಡೆಯುವ ಅಪ್ಪನನ್ನು ನೀವೆಲ್ಲಾದರೂ ನೋಡಿದ್ದೀರಾ?

ಆಗ ನಮ್ಮ ಮಾಲೀಕ ಪಾಲಾಕ್ಷಪ್ಪನವರಿಗೆ ಒಂದು ಐಡಿಯಾ ಹೊಳೆಯಿತು. ಶೋರೂಮಿಗೆ ಇಪ್ಪತ್ತೈದು ವರ್ಷ ತುಂಬುವ ದಿನ, ನಮ್ಮ ಸರ್ವಿಸ್ಸಿನಿಂದ ಗಟ್ಟಿಮುಟ್ಟಾಗಿ ಓಡುತ್ತಿರುವ ಹಳೇ ಗಾಡಿಯೊಂದಕ್ಕೆ ಸನ್ಮಾನ. ಗಾಡಿಯವನಿಗೆ ಶಾಲು, ಗಾಡಿಗೆ ಹಾರ, ಐದು ಊರಿನಲ್ಲಿ ಫ್ಲೆಕ್ಸು. ನಾವು ಎರಡು ದಿನ ಕೂತು ಕಂಪ್ಯೂಟರು ಜಾಲಾಡಿದೆವು. ತಪ್ಪದೆ ನಮ್ಮಲ್ಲೇ ಸರ್ವಿಸ್ ಮಾಡಿಸಿದ ಗಾಡಿಗಳಲ್ಲಿ ಎಂಟು ವರ್ಷ ದಾಟಿದ್ದು ಒಂದೂ ಸಿಗಲಿಲ್ಲ. ಎಲ್ಲ ಗುಜರಿಗೆ ಹೋಗಿದ್ದವು, ಇಲ್ಲವೇ ಎಕ್ಸ್‌ಚೇಂಜಿನಲ್ಲಿ ನಮ್ಮ ಹಿತ್ತಲಲ್ಲೇ ಬಿದ್ದಿದ್ದವು.

ನನ್ನ ಬಾಯಿ ಸುಮ್ಮನಿರಬಾರದಿತ್ತೇ? "ಸರ್, ನಮ್ಮಪ್ಪನ ಗಾಡಿಗಿ ಹತ್ತೊಂಬತ್ತು ವರ್ಷ ಆತು. ಒಂದ ಕಿಕ್ಕಿಗಿ ಹತ್ತತೈತಿ," ಅಂದುಬಿಟ್ಟೆ.

"ಎಲ್ಲಿ ತಗೊಂಡಿದ್ದು?"

"ಇಲ್ಲೇ ಸರ್. ಆದ್ರ ಸರ್ವಿಸ್ಸಿಗಿ ಒಮ್ಮಿನೂ ಬಂದಿಲ್ಲ."

"ಅದನ್ಯಾರು ಕೇಳ್ತಾರ?" ಪಾಲಾಕ್ಷಪ್ಪನವರು ಕುರ್ಚಿಯಿಂದ ಎದ್ದೇ ಬಿಟ್ಟರು. "ಕರ್ಕೊಂಡು ಬಾ ನಿಮ್ಮಪ್ಪನ್ನ. ನಿನ್ನ ಕಾಯಂ ಪತ್ರಾನೂ ಅವತ್ತ ಅದ ಸ್ಟೇಜಿನ ಮ್ಯಾಲ ಕೊಡ್ತೀನಿ."

ಅಪ್ಪ ಒಪ್ಪಲಿಲ್ಲ. "ಅವರು ಒಂದು ನಟ್ಟು ಬಿಗಿದಿಲ್ಲ, ನಾ ಹೋಗಿ ಅವರಿಂದ ಆತು ಅನ್ಲಾ? ಏನ್ ಮಾತಾಡ್ತೀ ಯವ್ವಾ ನೀನು?" ಎಂದು ನನ್ನ ಮೇಲೇ ಹರಿಹಾಯ್ದ. ನಾನು ಅತ್ತೆ. ನಾಟಕವಲ್ಲ, ಆ ಸಿಮೆಂಟಿನವನ ಮುಖ ನೆನಪಾಗಿ ನಿಜವಾಗಿಯೂ ಅಳು ಬಂತು. ಅಪ್ಪ ಅಂಗಳಕ್ಕೆ ಹೋಗಿ ಸ್ವಲ್ಪ ಹೊತ್ತು ಗಾಡಿಯ ಪಕ್ಕ ನಿಂತು ಒಳಗೆ ಬಂದ.

"ಬರ್ತೀನಿ. ಶಾಲು ಹೊದಿಸಿಕೊಂತೀನಿ, ಕಿಕ್ ಹೊಡಿತೀನಿ, ಬಾಯಿ ಬಿಡಂಗಿಲ್ಲ. ಆದ್ರ ಒಂದು ಮಾತು. ಗಾಡಿಗಿ ನಿಮ್ಮವರು ಯಾರೂ ಕೈ ಹಚ್ಚಬಾರದು."

"ನಿನ್ನಾಣಿಗೂ ಹಚ್ಚಂಗಿಲ್ಲಪ್ಪಾ," ಎಂದೆ.

ಎರಡು ದಿನ ಮೊದಲೇ ಗಾಡಿಯನ್ನು ಶೋರೂಮಿಗೆ ತರಿಸಿದರು. ಪಾಲಾಕ್ಷಪ್ಪನವರು ಅದರ ಸುತ್ತ ಒಂದು ಸುತ್ತು ಬಂದು, ಕಾರ್ಬೊರೇಟರಿಗೂ ಇಂಜಿನ್ನಿಗೂ ನಡುವಿನ ರಬ್ಬರಿನ ಮೇಲೆ ಸುತ್ತಿದ್ದ ಸೈಕಲ್ ಟ್ಯೂಬಿನ ತುಂಡು ಮತ್ತು ತಾಮ್ರದ ತಂತಿಯನ್ನು ನೋಡಿ ಮುಖ ಕಿವುಚಿದರು. "ಏನಿದು ಅಸಹ್ಯ? ಫೋಟೋದಾಗ ಬಂದ್ರ ಕಂಪನಿಯವರು ನನ್ನ ಮರ್ಯಾದಿ ತಗೀತಾರ. ಇದನ್ನ ಕಿತ್ತು ಒರಿಜಿನಲ್ ಹಾಕ್ರಿ. ಅಮೃತಾ, ಜಾಬ್ ಕಾರ್ಡ್ ತೆಗಿ."

ನಾನು "ಬೇಡ ಸರ್" ಅನ್ನಬೇಕಿತ್ತು. ನನ್ನ ಪತ್ರ ಅವರ ಡ್ರಾಯರಿನಲ್ಲಿತ್ತು. ಹೊಸ ರಬ್ಬರು ಹಾಕಬೇಕೆಂದು ಬರೆದು ಜಾಬ್ ಕಾರ್ಡ್ ತೆಗೆದೆ, ಕೆಳಗೆ ಸಹಿಯನ್ನೂ ಮಾಡಿದೆ.

ನಮ್ಮ ಮೆಕ್ಯಾನಿಕ್ ನಯಾಜ ಕೆಲಸ ಶುರು ಮಾಡುವ ಮೊದಲೇ ನನ್ನನ್ನು ಕರೆದ. ಅವನ ತಂದೆ ಗುಲಾಮಹುಸೇನ ಕೂಡ್ಲಿಗಿಯಲ್ಲಿ ಮೂವತ್ತು ವರ್ಷದಿಂದ ಗ್ಯಾರೇಜು ಇಟ್ಟಿರುವವರು, ಹುಡುಗನಿಗೆ ಕೈಗುಣವಿತ್ತು. "ಅಕ್ಕಾ, ಇದನ್ನ ಯಾರು ಕಟ್ಯಾರ? ನಮ್ಮ ಅಬ್ಬಾಗೂ ಇಷ್ಟು ಸಾಫಾಗಿ ಕಟ್ಟಾಕ ಬರಂಗಿಲ್ಲ. ಈ ಮಾಡಲ್ಲಿನ ರಬ್ಬರು ಬರೋದು ನಿಂತು ಹತ್ತು ವರ್ಷ ಆತು. ಹೊಸಾ ಮಾಡಲ್ಲಿಂದು ಹಾಕಿದ್ರ ಸಂದಿನಾಗ ಗಾಳಿ ಎಳೀತೈತಿ. ಸಾಹೇಬ್ರಿಗಿ ಹೇಳ್ರಿ."

ಅವನೇ ಹೋಗಿ ಹೇಳಿದ. "ಒರಿಜಿನಲ್ ಅಂದ್ರ ಒರಿಜಿನಲ್. ನಿನಗಿಂತ ಕಂಪನಿಗಿ ಗೊತ್ತಿಲ್ಲೇನು?" ಎಂದು ಬೈಸಿಕೊಂಡು ಬಂದ. ಹೊಸ ರಬ್ಬರು ಕೂತಿತು. ಗಾಡಿಗೆ ನೀರು ಹೊಡೆದು, ಪಾಲಿಶ್ ಹಚ್ಚಿ, ಬಟ್ಟೆಯಿಂದ ಒರೆಸಿದ್ದೂ ಆಯಿತು. ಒಂಬತ್ತನೇ ಕಿಕ್ಕಿಗೆ ಇಂಜಿನ್ನು ಹತ್ತಿ, ಎರಡು ನಿಮಿಷ ಕೆಮ್ಮಿ, ನಿಂತಿತು. "ನಂದೇನೂ ಗ್ಯಾರಂಟಿ ಇಲ್ಲಕ್ಕಾ," ಎಂದು ನಯಾಜ ಕೈ ಒರೆಸಿಕೊಂಡ. "ಅಷ್ಟು ಸಾಕು, ಫೋಟೋಕ್ಕ ಒಂದ ಸಲ ಹತ್ತಿದ್ರ ಆತು," ಎಂದರು ಪಾಲಾಕ್ಷಪ್ಪನವರು. ಎರಡು ರಾತ್ರಿ ನನ್ನ ಕಣ್ಣಿಗೆ ನಿದ್ದೆ ಹತ್ತಲಿಲ್ಲ.

ಸನ್ಮಾನದ ದಿನ ಶೋರೂಮಿನ ಮುಂದೆ ಶಾಮಿಯಾನ ಹಾಕಿದ್ದರು. ಇನ್ನೂರು ಜನ ಸೇರಿದ್ದರು, ಕೊಟ್ಟೂರಿನಿಂದ ದುರುಗಪ್ಪ ಕಾಕಾನ ಗುಂಪೇ ಬಂದಿತ್ತು. ಅಪ್ಪ ಬಸ್ಸಿನಲ್ಲಿ ಬಂದ, ಬಿಳೀ ಅಂಗಿ, ಹಣೆ ತುಂಬ ವಿಭೂತಿ. ಶಾಲು ಹೊದಿಸಿದರು, ಪೇಟ ತೊಡಿಸಿದರು, ಗಾಡಿಗೆ ಸೇವಂತಿಗೆ ಹಾರ ಹಾಕಿದರು. ಪಾಲಾಕ್ಷಪ್ಪನವರು ಮೈಕಿನಲ್ಲಿ, "ಹತ್ತೊಂಬತ್ತು ವರ್ಷದ ನಮ್ಮ ಸೇವೆಯ ಫಲ ನಿಮ್ಮ ಕಣ್ಣ ಮುಂದಿದೆ! ಒಂದೇ ಕಿಕ್ಕು!" ಎಂದು ಕೂಗಿದರು. ಜನ ಚಪ್ಪಾಳೆ ತಟ್ಟಿದರು.

ಅಪ್ಪ ಕಿಕ್ ಹೊಡೆದ. ಹತ್ತಲಿಲ್ಲ. ಇನ್ನೊಮ್ಮೆ ಹೊಡೆದ. ಐದಾಯಿತು, ಹತ್ತಾಯಿತು. ಪೇಟ ಜಾರಿ ಕಿವಿಯ ಮೇಲೆ ಬಂತು, ಯಾರೋ ಕಿಸಕ್ಕೆಂದರು. ಅಪ್ಪ ಕಿಕ್ಕರ್ ಬಿಟ್ಟು ಬಗ್ಗಿ ನೋಡಿದ. ತನ್ನ ತಂತಿ ಇದ್ದ ಜಾಗದಲ್ಲಿ ಕರ್ರಗೆ ಹೊಳೆಯುವ ಹೊಸ ರಬ್ಬರು. ತಲೆಯೆತ್ತಿ ನನ್ನನ್ನು ನೋಡಿದ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ಪಾಲಾಕ್ಷಪ್ಪನವರು ಮೈಕನ್ನು ಕೆಳಗೆ ಹಿಡಿದು ನನ್ನತ್ತ ವಾಲಿದರು. ಬಾಯಲ್ಲಿ ನಗು ಹಾಗೇ ಇತ್ತು. "ಜಾಬ್ ಕಾರ್ಡಿನ ಮ್ಯಾಲ ಸಹಿ ನಿಂದೈತಿ. ಎಲ್ಲಾರ ಮುಂದ ನಿನ್ನ ತಪ್ಪು ಅಂತ ಒಪ್ಪಿಕೋ. ನಾಳಿಯಿಂದ ಬರಬ್ಯಾಡ," ಎಂದರು. ಅಪ್ಪ ಅಲ್ಲೇ ಎರಡು ಮಾರು ದೂರದಲ್ಲಿದ್ದ.

ನಾನು ಮೈಕಿಗೆ ಕೈ ಚಾಚುವಷ್ಟರಲ್ಲಿ ಅಪ್ಪ ಅದನ್ನು ಕಿತ್ತುಕೊಂಡ. ಮೈಕು ಹಿಡಿದು ಗೊತ್ತಿಲ್ಲದವನು, ತುಟಿಗೆ ತಾಗಿಸಿಯೇ ಮಾತಾಡಿದ.

"ತಪ್ಪು ನಂದ್ರಿ. ಇವರು ಗಾಡಿ ಚಲೋ ಮಾಡಿ ಇಟ್ಟಿದ್ರು. ನಿನ್ನಿ ಸಂಜಿಮುಂದ ನಾ ಬಂದು, ನನ್ನ ಬುದ್ಧಿ ಉಪಯೋಗಿಸಿ, ಏನೋ ಮಾಡಾಕ ಹೋಗಿ ಕೆಡಿಸಿದೆ. ನನ್ನ ಮಗಳು ಬ್ಯಾಡಂತ ಬಡಕೊಂಡ್ಲು, ಕೇಳಲಿಲ್ಲ. ನನಗ ಗಾಡಿ ಕೆಲಸ ಬರಂಗಿಲ್ರಿ. ಸುಮ್ನ ಜಂಬ ಮಾಡ್ತಿದ್ದೆ."

ಸಂತೆಯಲ್ಲಿ ಹಗ್ಗದ ಅಳತೆಯನ್ನು ಒಂದು ಗೇಣೂ ಹೆಚ್ಚು ಹೇಳದ ಮನುಷ್ಯ ಅವನು. ಇನ್ನೂರು ಜನರ ಮುಂದೆ, ಅದೂ ತನ್ನ ಮಾತನ್ನೇ ನಂಬಿದ್ದವರ ಮುಂದೆ, ಇಷ್ಟು ದೊಡ್ಡ ಸುಳ್ಳನ್ನು ತಡವರಿಸದೆ ಹೇಳಿಬಿಟ್ಟ. ಪಾಲಾಕ್ಷಪ್ಪನವರ ಮುಖ ಅರಳಿತು. ಮೈಕು ಇಸಿದುಕೊಂಡು, "ನೋಡಿದಿರಾ? ಇದೇ ಕಾರಣಕ್ಕೆ ನಾವು ಹೇಳುವುದು, ಗಾಡಿಗೆ ಮನೆಯಲ್ಲಿ ಕೈ ಹಾಕಬೇಡಿ!" ಎಂದರು. ಚಪ್ಪಾಳೆ ಮೊದಲಿಗಿಂತ ಜೋರಾಗಿ ಬಿತ್ತು. ನನ್ನ ಪತ್ರವನ್ನು ಅಲ್ಲೇ ಕೊಟ್ಟರು. ಫೋಟೋದಲ್ಲಿ ನಾನು ನಗುತ್ತಿದ್ದೇನೆ.

ಜನ ಊಟಕ್ಕೆ ಎದ್ದ ಮೇಲೆ ಹಿತ್ತಲಿಗೆ ಹೋದೆ. ಕಸದ ಡಬ್ಬಿಯಿಂದ ಆ ಟ್ಯೂಬಿನ ತುಂಡು, ತಂತಿ ಎರಡನ್ನೂ ನಯಾಜ ಹುಡುಕಿ ಕೊಟ್ಟಿದ್ದ, ಹಳೇ ರಬ್ಬರೂ ಸಿಕ್ಕಿತ್ತು. ಅಪ್ಪ ಶಾಲನ್ನು ಸೊಂಟಕ್ಕೆ ಸುತ್ತಿಕೊಂಡು ಹತ್ತು ನಿಮಿಷದಲ್ಲಿ ಎಲ್ಲ ಕಟ್ಟಿ ಮುಗಿಸಿದ. ನಯಾಜ ಕೈಯಿಂದ ಕಿಕ್ಕರನ್ನು ಮೆಲ್ಲಗೆ ಒತ್ತಿ, "ಹತ್ತತೈತಿ ನೋಡ್ರಿ ಚಾಚಾ, ಹೊಡೀರಿ," ಎಂದ.

"ಬ್ಯಾಡ ತಮ್ಮಾ. ಎಲ್ಲಾರೂ ಇನ್ನ ಇಲ್ಲೇ ಅದಾರ," ಎಂದ ಅಪ್ಪ.

ನಾನು ಅವನ ಕೈ ಹಿಡಿದೆ. "ಅಪ್ಪಾ, ನಿನ್ನಾಣಿ ಮಾಡಿ ತಪ್ಪಿದೆ. ಬೈಯಪ್ಪಾ ನನ್ನ."

"ಊಟ ಮಾಡಿ ಬಾ, ಹೊತ್ತಾತು," ಎಂದಷ್ಟೇ ಹೇಳಿ ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿದ. ಒಂದೇ ಕಿಕ್ಕಿಗೆ ಹತ್ತುವ ಗಾಡಿಯನ್ನು ಆ ಬಿಸಿಲಿನಲ್ಲಿ, ಊಟಕ್ಕೆ ಕೂತ ಪಂಕ್ತಿಯ ಮುಂದೆಯೇ, ಬಸ್‌ಸ್ಟ್ಯಾಂಡು ದಾಟಿ ಊರ ಹೊರಗಿನವರೆಗೂ ತಳ್ಳಿಕೊಂಡು ಹೋದ. ದಾರಿಯಲ್ಲಿ ಇಬ್ಬರು ಅವನನ್ನು ಕರೆದು ಬುದ್ಧಿ ಹೇಳಿದರಂತೆ.

ಮರುವಾರ ಐದು ಊರಿನಲ್ಲೂ ಫ್ಲೆಕ್ಸು ಎದ್ದಿತು. ಒಂದು ಕಡೆ ಪಾಲಾಕ್ಷಪ್ಪನವರು, ಇನ್ನೊಂದು ಕಡೆ ಜಾರಿದ ಪೇಟದಲ್ಲಿ ನಮ್ಮಪ್ಪ, ನಡುವೆ ದಪ್ಪಕ್ಷರದಲ್ಲಿ "ಸ್ವಂತ ರಿಪೇರಿ ಮಾಡಿ ಕೆಟ್ಟೆ: ಏಕಾಂತಪ್ಪ, ಕೊಟ್ಟೂರು." ಅವ್ವ ಅದನ್ನು ನೋಡಿ ಬಂದು ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ. ವರನ ವಿಷಯವನ್ನು ಮಾತ್ರ ಮತ್ತೆ ಎತ್ತಲಿಲ್ಲ. ಸೋಮವಾರ ನಮ್ಮ ಮನೆಯ ಮುಂದೆ ಒಂದು ಗಾಡಿಯೂ ಬರಲಿಲ್ಲ. ಅಪ್ಪ ತನ್ನ ಗಾಡಿ ತೊಳೆದು, ಒರೆಸಿದ್ದನ್ನೇ ಒರೆಸುತ್ತಾ ಹನ್ನೊಂದರವರೆಗೆ ಕೂತಿದ್ದನೆಂದು ಅವ್ವ ಆಮೇಲೆ ಹೇಳಿದಳು.

ಅವರೆಲ್ಲ ಅವತ್ತು ನನ್ನ ಕೌಂಟರಿನ ಮುಂದೆ ಸಾಲುಗಟ್ಟಿದ್ದರು. ಮೊದಲು ದುರುಗಪ್ಪ ಕಾಕಾ. ಅವನ ಗಾಡಿಗೆ ಏನೂ ಆಗಿರಲಿಲ್ಲ, ಹದಿನೈದು ದಿನದ ಹಿಂದೆ ಅಪ್ಪನೇ ಎಲ್ಲ ಸರಿ ಮಾಡಿದ್ದ. ಎರಡು ಸಾವಿರದ ನೂರ ಹತ್ತು ರೂಪಾಯಿಯ ಬಿಲ್ಲು ಮಾಡಿದೆ. ಕಾಕಾ ನೋಟುಗಳನ್ನು ಎಣಿಸಿ ಕೊಟ್ಟ.

"ಇಷ್ಟು ವರ್ಷ ನಿಮ್ಮಪ್ಪನ ಮಾತು ಕೇಳಿ ದಡ್ಡ ಆದೆ ನೋಡವ್ವಾ," ಎಂದ. "ನೀನ ಹೇಳು, ಅವನಿಗಿ ಗಾಡಿ ಬಗ್ಗೆ ಏನಾರ ಗೊತ್ತಿತ್ತಾ?"

ನನ್ನ ಹಿಂದೆ ಪಾಲಾಕ್ಷಪ್ಪನವರು ಚಹಾ ಕುಡಿಯುತ್ತಾ ನಿಂತಿದ್ದರು.

"ಇಲ್ಲ ಕಾಕಾ," ಎಂದೆ. "ನಮ್ಮಪ್ಪಗ ಏನೂ ಗೊತ್ತಿಲ್ಲ."