ಮುಖ ನೋಡಿ ತಗೊಳ್ಳಿ

ಇನ್ನೊಂದು ಇಟ್ಟಿಗೆ ಬಂತು, ಇದರ ಮಗ್ಗುಲಿಗೆ ತಿಳಿ ಹಸಿರು ಬಣ್ಣ ಅಂಟಿದೆ, ಯಾರ ಮಲಗುವ ಕೋಣೆಯದೋ, ತಗೊಂಡೆ, ಕೊಟ್ಟೆ, ಇನ್ನೊಂದು, ಇದಕ್ಕೆ ಮಸಿ, ಅಡುಗೆಮನೆಯದೇ ಇರಬೇಕು, ತಗೊಂಡೆ, ಕೊಟ್ಟೆ — ಭೂಮಿ ನಡುಗಿ ನಲವತ್ತು ದಿನ, ಊರಿಗೆ ಊರೇ ನೆಲ ಕಚ್ಚಿದ ಮೇಲೆ ಮೊದಲು ಏನು ಕಟ್ಟೋಣ ಎಂದು ಕೇಳಿದರೆ ಎಲ್ಲರೂ ಹೆರಿಗೆ ಆಸ್ಪತ್ರೆ ಎಂದರಲ್ಲ, ಡೇರೆಯಲ್ಲಿ ಮಲಗುವ ಜನ, ತಮ್ಮ ತಲೆಯ ಮೇಲೆ ಸೂರಿಲ್ಲದವರು, ಇನ್ನೂ ಹುಟ್ಟದವರಿಗೆ ಗೋಡೆ ಕಟ್ಟುತ್ತಿದ್ದಾರೆ, ನೆನೆದರೆ ಮೈ ಜುಮ್ಮೆನ್ನುತ್ತದೆ, ಕೂಲಿಯಿಲ್ಲ, ಕರೆಯೋಲೆಯಿಲ್ಲ, ಬೀದಿಯ ಆ ತುದಿಯ ರಾಶಿಯಿಂದ ಈ ತುದಿಯ ಪಾಯದವರೆಗೆ ಇನ್ನೂರು ಜನ ಸಾಲಾಗಿ ನಿಂತಿದ್ದೇವೆ, ಯಾರೂ ಒಂದು ಹೆಜ್ಜೆ ನಡೆಯುವುದಿಲ್ಲ, ಇಟ್ಟಿಗೆ ಮಾತ್ರ ನಡೆಯುತ್ತದೆ, ಬೆಳಗ್ಗೆ ಆನೆಯಷ್ಟಿದ್ದ ರಾಶಿ ಈಗ ಎಮ್ಮೆಯಷ್ಟಾಗಿದೆ, ನಾನು ದರ್ಜಿ, ನನಗೆ ಜನರ ಮುಖ ನೆನಪಿರುವುದಿಲ್ಲ, ಅಳತೆ ನೆನಪಿರುತ್ತದೆ, ನನ್ನಿಂದ ಇಟ್ಟಿಗೆ ತೆಗೆದುಕೊಳ್ಳುವ ಲಾರಿ ಡ್ರೈವರನ ಭುಜ ಹತ್ತೊಂಬತ್ತು ಇಂಚು, ಕುತ್ತಿಗೆ ಹದಿನಾರೂವರೆ, ನನಗೆ ಇಟ್ಟಿಗೆ ಕೊಡುವವಳ ಭುಜ ಹದಿನಾಲ್ಕು, ತೋಳು ಇಪ್ಪತ್ತೊಂದು, ಮೂವತ್ತು ವರ್ಷದಿಂದ ಒಂದಿಂಚೂ ಬದಲಾಗಿಲ್ಲ, ಅವಳು ನನ್ನ ಹೆಂಡತಿ.

ಧಡ್ — ಅಯ್ಯೋ, ಕಾಲ ಮೇಲೆ, ಇದು ಮೂರನೇ ಸಲ, ನನ್ನೊಬ್ಬನಿಂದ ಇನ್ನೂರು ಜನರ ಕೈ ನಿಂತಿತು, ಮೇಸ್ತ್ರಿ ಓಡಿ ಬಂದ, ಸ್ವಾಮೀ ಎಷ್ಟು ಸಲ ಹೇಳೋದು, ಇಟ್ಟಿಗೆ ನೋಡಬೇಡಿ, ಕೊಡೋರ ಮುಖ ನೋಡಿ, ಮುಖ ನೋಡಿದ್ರೆ ಕೈ ತಾನಾಗೇ ಹೋಗುತ್ತೆ, ನಿಮ್ಮ ಹೆಂಡ್ತೀನೇ ಅಲ್ವಾ, ಈ ವಯಸ್ಸಲ್ಲಿ ಏನು ನಾಚಿಕೆ — ಸಾಲಿಗೆ ಸಾಲೇ ನಕ್ಕಿತು, ನಾನೂ ನಕ್ಕೆ, ನಾಚಿಕೆಯಂತೆ, ಹೌದಪ್ಪಾ ನಾಚಿಕೆಯೇ, ಆದರೆ ನೀನು ತಿಳಿದ ನಾಚಿಕೆಯಲ್ಲ, ನಲವತ್ತು ದಿನದಿಂದ ನನ್ನ ಕಣ್ಣು ಅವಳ ಕುತ್ತಿಗೆಯಿಂದ ಮೇಲಕ್ಕೆ ಹೋಗಿಲ್ಲ, ಅವತ್ತು ಹೊಲಿಗೆ ಮಷೀನು ನನ್ನ ಕಾಲಿಲ್ಲದೆಯೇ ಕುಣಿಯತೊಡಗಿತು, ಗೋಡೆ ಗೊರಗೊರ ಅಂದಿತು, ನಾನು ಎದ್ದೆ, ಓಡಿದೆ, ಅಷ್ಟೇ, ಒಳಕೋಣೆಯಲ್ಲಿ ಅವಳು ಅಂಗಿಗೆ ಗುಂಡಿ ಹಾಕುತ್ತಿದ್ದಾಳೆ ಎಂದು ಗೊತ್ತಿತ್ತು, ಗೊತ್ತಿದ್ದೂ ಓಡಿದೆ, ಒಂದು ಸಲ ಕೂಗಲೂ ಇಲ್ಲ, ನೀರು ಮೂಗಿಗೆ ಬಂದಾಗ ಕೋತಿ ಮರಿಯನ್ನು ಕಾಲಡಿ ಹಾಕಿಕೊಳ್ಳುತ್ತದಂತೆ, ಆ ಕೋತಿ ನಾನೇ, ನಡುಬೀದಿಯಲ್ಲಿ ನಿಂತು ತಿರುಗಿದರೆ ಏನೂ ಕಾಣದು, ಕನ್ನಡಕ ಮಷೀನಿನ ಮೇಲೆಯೇ ಉಳಿದಿತ್ತು, ಬರೀ ಧೂಳು, ಬಿಳಿ ಧೂಳು, ಧೂಳಿನೊಳಗಿಂದ ಎರಡು ಕೈ ಬಂದವು, ಮೊದಲು ಕೈ, ಆಮೇಲೆ ಅವಳು, ಕೈಯಲ್ಲಿ ನನ್ನ ಕನ್ನಡಕ — ತಗೊಳ್ಳಿ, ಇದಿಲ್ದೆ ನಿಮಗೆ ದಾರಿ ಕಾಣಲ್ಲ — ಹಿತ್ತಲ ಬಾಗಿಲು ಅವಳಿಗೆ ಎರಡೇ ಹೆಜ್ಜೆಯಿತ್ತು, ಅದನ್ನು ಬಿಟ್ಟು ಮುಂಗೋಣೆಯ ಅಂಗಡಿಗೆ ಬಂದು ಕನ್ನಡಕ ಎತ್ತಿಕೊಂಡು ಮುಂಬಾಗಿಲಿಂದ ಬಂದಿದ್ದಳು, ನಾನು ಅದನ್ನು ಹಾಕಿಕೊಂಡು ನೋಡುವಷ್ಟರಲ್ಲಿ ಅವಳ ಬೆನ್ನ ಹಿಂದೆ ಮನೆ ಕುಸಿದು ಕೂತಿತ್ತು.

ಹಾಗೆ ಓಡಿದ್ದಕ್ಕೆ ಅವಳು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ, ಇಲ್ಲಿ ದುಡಿದಾದರೂ ಹಗುರಾಗೋಣ ಎಂದು ಹೆಸರು ಬರೆಸಲು ಹೋದರೆ ಹಿಂದೆಯೇ ಬಂದಳು, ನನ್ನ ಹೆಸರೂ ಬರ್ಕೊಳ್ಳಿ, ಇವರ ಪಕ್ಕಕ್ಕೇ ನಿಲ್ಸಿ, ಇವರ ಕೈ ಸ್ವಲ್ಪ ನಡುಗುತ್ತೆ — ಇಂಥವಳನ್ನು ಯಾವ ಟೇಪು ಹಿಡಿದು ಅಳೆಯಲಿ, ನಾನು ಅಳೆದದ್ದು ಬರೀ ರವಿಕೆಗೆ, ಹ್ಞೂಂ ಶುರು ಮಾಡಿ ಎನ್ನುತ್ತಿದ್ದಾನೆ ಮೇಸ್ತ್ರಿ, ಯಜಮಾನ್ರೇ ನನ್ನ ಕೈ ಕಾಯ್ತಾ ಇದೆ ಎನ್ನುತ್ತಿದ್ದಾನೆ ಡ್ರೈವರ್, ಸರಿ, ಎತ್ತು ಕಣ್ಣನ್ನು, ಕುತ್ತಿಗೆ, ಗದ್ದ, ಕೆನ್ನೆಯ ಮೇಲೆ ಬೆವರಿನ ಗೆರೆ, ಹುಬ್ಬಿನ ತುಂಬ ಧೂಳು, ಕಣ್ಣು — ದೇವರೇ, ಅವಳು ನನ್ನನ್ನೇ ನೋಡುತ್ತಿದ್ದಾಳೆ, ಬೆಳಗಿನಿಂದ ನೋಡುತ್ತಲೇ ಇದ್ದಾಳೆ, ಮೇಸ್ತ್ರಿ ಹೇಳಿದ್ದನ್ನು ಅವಳು ಮೊದಲ ಇಟ್ಟಿಗೆಯಿಂದಲೇ ಪಾಲಿಸಿದ್ದಾಳೆ, ನಲವತ್ತು ದಿನವೂ ಹೀಗೆಯೇ ನೋಡಿರಬೇಕು, ನಾನೇ ಮೇಲೆ ನೋಡಲಿಲ್ಲ, ಬಾಯಿ ತಾನಾಗಿಯೇ ತೆರೆಯಿತು, ನಾನು ನಿನ್ನ ಬಿಟ್ಟು ಓಡಿದೆ ಕಣೇ — ಗೊತ್ತು ರೀ, ತಗೊಳ್ಳಿ, ಭಾರ — ತಗೊಂಡೆ, ಬೀಳಲಿಲ್ಲ, ಕೊಟ್ಟೆ, ಸಾಲು ಹರಿಯಿತು, ಮತ್ತೆ ತಿರುಗಿದೆ, ಗೊತ್ತು ರೀ, ಬರೀ ಧೂಳು, ಬಿಳಿ ಧೂಳು, ಧೂಳಿನೊಳಗಿಂದ ಎರಡು ಕೈ, ತಗೊಳ್ಳಿ, ಎರಡು ಕೈ